ಹಳೆಯ ಯಂತ್ರವೇ ಮೊದಲ ಸಾಕ್ಷಿ: ಕರಾವಳಿಯ ಲೆಕ್ಕದ ಮೇಜುಗಳಲ್ಲಿ ಕಳೆದುಹೋದ ತಂತ್ರಾಂಶ ಪರವಾನಗಿಗಳ ಹುಡುಕಾಟ

ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತ ಮೇಲೆ, ಭಟ್ಕಳದ ಪೇಟೆಯಿಂದ ಹೊನ್ನಾವರ, ಕುಮಟೆಗಳವರೆಗಿನ ಅಂಗಡಿ, ಗೋದಾಮು, ಸೊಸೈಟಿ ಮತ್ತು ಮುದ್ರಣಾಲಯಗಳಲ್ಲಿ ವರ್ಷಗಳಿಂದ ದುಡಿಯುತ್ತಿರುವ ಕಂಪ್ಯೂಟರುಗಳನ್ನು ಬದಲಿಸುವ ಪ್ರಶ್ನೆ ಮುಂದೂಡಲಾಗದ ಹಂತಕ್ಕೆ ಬಂದಿದೆ. ವಿಂಡೋಸ್ 11 ಓಡಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಸಾಕಷ್ಟು ಹೊಸದಾದ ಪ್ರೊಸೆಸರೂ ಇರಬೇಕೆಂಬ ನಿಯಮವಿರುವುದರಿಂದ, ಹಳೆಯ ಯಂತ್ರಗಳಲ್ಲಿ ಬಹಳಷ್ಟನ್ನು ಮೇಲ್ದರ್ಜೆಗೇರಿಸಲು ಬರುವುದಿಲ್ಲ, ಹೊಸದನ್ನೇ ಕೊಳ್ಳಬೇಕಾಗುತ್ತದೆ. ಹೊಸ ಯಂತ್ರ ಬಂದ ದಿನ ಹಳೆಯದರಿಂದ ಲೆಕ್ಕದ ಕಡತಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡರೆ ಕೆಲಸ ಮುಗಿಯಿತೆಂದು ಮಾಲೀಕರೂ ಗುಮಾಸ್ತರೂ ನಂಬಿರುತ್ತಾರೆ. ಆದರೆ ಅಡಚಣೆ ಕಾಣಿಸುವುದು ಕಡತಗಳ ಸಾಗಣೆಯಲ್ಲಿ ಅಲ್ಲ, ಆ ಕಡತಗಳನ್ನು ತೆರೆದು ಬರೆಯುವ ತಂತ್ರಾಂಶವನ್ನು ಬಳಸುವ ಹಕ್ಕು ತಮಗಿದೆ ಎಂದು ತೋರಿಸಬೇಕಾದ ಗಳಿಗೆಯಲ್ಲಿ.

ತಂತ್ರಾಂಶವನ್ನು ಹಣ ಕೊಟ್ಟು ಪಡೆದವರು ಅದರ ಒಡೆಯರಾಗುವುದಿಲ್ಲ. ನಿರ್ದಿಷ್ಟ ಷರತ್ತುಗಳಿಗೆ ಒಳಪಟ್ಟು ಅದನ್ನು ಬಳಸುವ ಅನುಮತಿಯನ್ನಷ್ಟೇ ಪಡೆಯುತ್ತಾರೆ. ಈ ಅನುಮತಿಗೆ ಪರವಾನಗಿ ಎಂದು ಹೆಸರು, ರೂಢಿಯ ಮಾತಿನಲ್ಲಿ ಲೈಸೆನ್ಸ್. ಇದಕ್ಕೆ ಪುರಾವೆಯಾಗಿ ನಿಲ್ಲುವ ದಾಖಲೆಗಳು ಒಂದೇ ಬಗೆಯವಲ್ಲ: ಖರೀದಿಯ ಬಿಲ್ಲು, ತಯಾರಕರು ಕೊಟ್ಟ ಸೀರಿಯಲ್ ನಂಬರ್, ಅದನ್ನು ಜಾರಿಗೊಳಿಸುವ ಅಕ್ಷರ-ಅಂಕಿಗಳ ಕೀ, ಪರವಾನಗಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರ ಇಮೇಲ್ ವಿಳಾಸ, ಕೆಲವೊಮ್ಮೆ ಯಂತ್ರದ ಹಿಂಬದಿಗೆ ಸಿಕ್ಕಿಸುವ ಒಂದು ಪುಟ್ಟ ಸಾಧನ. ಇವೆಲ್ಲ ಒಟ್ಟಿಗಿದ್ದಾಗ ಮಾತ್ರ ದಾಖಲೆ ಪೂರ್ಣ. ಒಂದು ಕಡೆ ಬಿಲ್ಲಿದೆ, ಕೀ ಇಲ್ಲ. ಇನ್ನೊಂದು ಕಡೆ ಕೀ ಇದೆ, ಅದು ಯಾರ ಹೆಸರಿನದೆಂದು ಗೊತ್ತಿಲ್ಲ ಎಂಬಂಥ ಅರೆಬರೆ ಸ್ಥಿತಿಯೇ ಸಣ್ಣ ಪಟ್ಟಣಗಳಲ್ಲಿ ಹೆಚ್ಚು.

ಲೆಕ್ಕವನ್ನು ಕಾಪಾಡುವ ಶಿಸ್ತು ಈ ಸೀಮೆಗೆ ಹೊಸದಲ್ಲ. ಹುಣಸೆಬೀಜದ ಅಂಟು ಮತ್ತು ಇದ್ದಲಿನ ಪುಡಿ ಸವರಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದ ಕಡತಗಳು ಕನ್ನಡ ನಾಡಿನ ಮಠ, ದೇವಾಲಯ ಮತ್ತು ವರ್ತಕರ ಮನೆಗಳಲ್ಲಿ ತಲೆಮಾರುಗಳ ಕಾಲ ಉಳಿದವು. ಅವನ್ನು ಕೈಯಲ್ಲಿ ಹಿಡಿದು ಬಿಚ್ಚಬಲ್ಲವರು, ಲಿಪಿ ಬಲ್ಲವರಾದರೆ, ಓದಬಲ್ಲವರೂ ಆಗಿದ್ದರು. ನಂತರದ ರೋಜು ಪುಸ್ತಕ, ಖಾತೆ ಪುಸ್ತಕಗಳ ಮಾತೂ ಇಷ್ಟೇ. ಗಣಕದ ಲೆಕ್ಕ ಬಂದಾಗ ಲೆಕ್ಕವೂ ಅದನ್ನು ತೆರೆಯುವ ಹಕ್ಕೂ ಎರಡು ಬೇರೆ ವಸ್ತುಗಳಾದವು, ಮತ್ತು ವರ್ತಕನ ಎಚ್ಚರವೆಲ್ಲ ಮೊದಲನೆಯದರ ಮೇಲೆಯೇ ಉಳಿಯಿತು. ಪರವಾನಗಿಯ ಕಾಗದವನ್ನು ಯಂತ್ರದ ಜೊತೆ ಬಂದ ಮತ್ತೊಂದು ಕಾಗದವೆಂದು ಎಣಿಸಿದ್ದರಲ್ಲೇ ಈಗಿನ ಕಷ್ಟದ ಬೇರು ಇದೆ.

ಈ ಹಕ್ಕು ಕಾನೂನಿನ ಭಾಷೆಗೆ ಬಂದದ್ದು 1984ರಲ್ಲಿ, 1957ರ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು ಗಣಕ ಕ್ರಮವಿಧಿಗಳನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿದಾಗ. 1994ರ ತಿದ್ದುಪಡಿಯಿಂದ ಬಂದ 63ಬಿ ಕಲಮಿನ ಪ್ರಕಾರ, ಅಕ್ರಮ ಪ್ರತಿಯೆಂದು ತಿಳಿದೂ ಗಣಕ ಕ್ರಮವಿಧಿಯನ್ನು ಬಳಸುವವರಿಗೆ 7 ದಿನಗಳಿಂದ 3 ವರ್ಷಗಳವರೆಗಿನ ಸೆರೆವಾಸ ಮತ್ತು 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗಿನ ದಂಡ ಬೀಳಬಹುದು. ಬಳಕೆ ಲಾಭಕ್ಕಾಗಿ ಅಥವಾ ವ್ಯಾಪಾರದ ಭಾಗವಾಗಿ ಆಗಿಲ್ಲವೆಂದಾದರೆ ಮಾತ್ರ ನ್ಯಾಯಾಲಯ ಸೆರೆವಾಸವನ್ನು ಬಿಡಬಹುದು. ಅದೇ ಕಾಯ್ದೆಯ 52ನೆಯ ಕಲಮು ನ್ಯಾಯವಾಗಿ ಪ್ರತಿಯನ್ನು ಹೊಂದಿದವರಿಗೆ ಒಂದು ಅನುಕೂಲವನ್ನೂ ಕೊಡುತ್ತದೆ: ನಾಶ, ನಷ್ಟ ಅಥವಾ ಹಾನಿಯಿಂದ ರಕ್ಷಣೆಗಾಗಿ ಬ್ಯಾಕಪ್ ಪ್ರತಿ ಮಾಡಿಕೊಳ್ಳುವುದು ಉಲ್ಲಂಘನೆಯಲ್ಲ. ಅನುಸ್ಥಾಪನೆಯ ಸಿಡಿಯನ್ನೋ ಕಡತವನ್ನೋ ಇನ್ನೊಂದು ಕಡೆ ಕಾಪಿಟ್ಟುಕೊಳ್ಳುವುದು ಹೀಗೆ ಸಂಪೂರ್ಣ ಸಕ್ರಮ. ಈ ಅನುಕೂಲವನ್ನು ಬಳಸಿಕೊಂಡವರು ಕಡಿಮೆ, ಹಣ ಕೊಟ್ಟು ತಂದದ್ದರ ದಾಖಲೆ ಕಳೆದುಕೊಂಡು ಕೊನೆಗೆ ‘ಕ್ರ್ಯಾಕ್’ ಪ್ರತಿಯ ಮೊರೆಹೋಗುವವರು ಹೆಚ್ಚು ಎಂಬುದು ದುಃಖದ ಸಂಗತಿ. ಪ್ರಾಮಾಣಿಕ ಖರೀದಿದಾರ ಕಾಗದವೊಂದರ ಕೊರತೆಯಿಂದ ತಪ್ಪಿತಸ್ಥನ ಸ್ಥಾನಕ್ಕೆ ಇಳಿಯುವುದು ಹೀಗೆಯೇ.

ಕರಾವಳಿಯ ವ್ಯಾಪಾರದಲ್ಲಿ ಪರವಾನಗಿ ಎಂಬ ಮಾತು ಮೊದಲು ನೆನಪಿಗೆ ತರುವುದು ಟ್ಯಾಲಿಯನ್ನು. ಬೆಂಗಳೂರಿನಲ್ಲಿ ಎಸ್.ಎಸ್. ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆರಂಭಿಸಿದ ಸಂಸ್ಥೆ 1999ರಲ್ಲಿ ಟ್ಯಾಲಿ ಸೊಲ್ಯೂಷನ್ಸ್ ಆಯಿತು. ಡಾಸ್ ಕಾಲದಲ್ಲಿ ಹುಟ್ಟಿದ ಈ ಲೆಕ್ಕದ ತಂತ್ರಾಂಶ 2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಾಗ ಒಮ್ಮೆ, 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಮತ್ತೊಮ್ಮೆ ತಾಲ್ಲೂಕು ಕೇಂದ್ರಗಳ ಸಣ್ಣ ಅಂಗಡಿಗಳವರೆಗೆ ಹರಡಿತು. 2006ರ ಟ್ಯಾಲಿ 9, 2009ರ ಟ್ಯಾಲಿ ಇಆರ್‌ಪಿ 9, 2020ರ ಟ್ಯಾಲಿಪ್ರೈಮ್ ಎಂದು ಆವೃತ್ತಿಗಳು ಬದಲಾದಂತೆ ಪರವಾನಗಿಯ ರೂಪವೂ ಬದಲಾಯಿತು. ಆರಂಭದ ವರ್ಷಗಳಲ್ಲಿ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಡಾಂಗಲ್ ಎಂಬ ಸಾಧನವೇ ಪರವಾನಗಿಯಾಗಿತ್ತು. ಆಮೇಲೆ ಸೀರಿಯಲ್ ನಂಬರ್ ಮತ್ತು ನೋಂದಾಯಿತ ಇಮೇಲ್ ವಿಳಾಸಗಳನ್ನು ಅಂತರ್ಜಾಲದ ಮೂಲಕ ತಾಳೆನೋಡಿ, ಪರವಾನಗಿಯನ್ನು ಒಂದು ನಿರ್ದಿಷ್ಟ ಯಂತ್ರಕ್ಕೆ ಕಟ್ಟುವ ಕ್ರಮ ಬಂತು.

ಈ ಕ್ರಮದ ಒಂದು ಅಂಶವನ್ನು ತಿಳಿಯದಿರುವುದೇ ಬಹಳ ಮಂದಿಗೆ ತೊಂದರೆ ತಂದಿದೆ. ಯಂತ್ರವನ್ನು ಬದಲಿಸುವ ಅಥವಾ ಫಾರ್ಮ್ಯಾಟ್ ಮಾಡುವ ಮೊದಲು ಪರವಾನಗಿಯನ್ನು ಹಳೆಯ ಯಂತ್ರದಿಂದ ಬಿಡಿಸಿ ಕಂಪನಿಗೆ ಒಪ್ಪಿಸಬೇಕು. ಟ್ಯಾಲಿಯ ಪರದೆಯಲ್ಲಿ ಇದಕ್ಕೆ ಸರೆಂಡರ್ ಎಂಬ ಆಯ್ಕೆಯೇ ಇದೆ. ಹಾಗೆ ಬಿಡಿಸಿದ ಪರವಾನಗಿಯನ್ನು ಹೊಸ ಯಂತ್ರದಲ್ಲಿ ಮತ್ತೆ ಜಾರಿಗೊಳಿಸಬಹುದು. ಬಿಡಿಸದೆಯೇ ಹಳೆಯ ಡಿಸ್ಕನ್ನು ಅಳಿಸಿದರೆ, ಕಂಪನಿಯ ದಾಖಲೆಯಲ್ಲಿ ಆ ಪರವಾನಗಿ ಇನ್ನೂ ಇಲ್ಲವಾದ ಯಂತ್ರದ ಮೇಲೆಯೇ ಕುಳಿತಿರುತ್ತದೆ, ಮತ್ತು ಅದನ್ನು ಅಲ್ಲಿಂದ ಎಬ್ಬಿಸಲು ನೋಂದಾಯಿತ ಇಮೇಲ್ ಮೂಲಕ ಕಂಪನಿಯನ್ನೋ ಡೀಲರನ್ನೋ ಕೇಳಿಕೊಳ್ಳಬೇಕಾಗುತ್ತದೆ. ಆ ಇಮೇಲ್ ಯಾರದು ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ದಾರಿ ಅಲ್ಲಿಗೇ ಮುಚ್ಚಿದಂತಾಗುತ್ತದೆ. ಪರವಾನಗಿಯಿಲ್ಲದ ಯಂತ್ರದಲ್ಲಿಯೂ ಟ್ಯಾಲಿ ತೆರೆಯುತ್ತದೆ, ಹಳೆಯ ಲೆಕ್ಕವೂ ಕಾಣುತ್ತದೆ. ಆದರೆ ಕಲಿಕೆಗೆಂದು ಇಟ್ಟಿರುವ ಆ ಸ್ಥಿತಿಯಲ್ಲಿ ತಿಂಗಳ 1, 2 ಮತ್ತು ಕೊನೆಯ ತಾರೀಕುಗಳಿಗೆ ಮಾತ್ರ ನಮೂದು ಮಾಡಲು ಬರುವುದರಿಂದ, ನಿತ್ಯದ ವ್ಯಾಪಾರ ಅದರಲ್ಲಿ ನಡೆಯುವುದಿಲ್ಲ.

ಇಮೇಲ್ ಮಾಲೀಕರದ್ದೇ ಆಗಿರುವುದಿಲ್ಲವೇಕೆ ಎಂಬುದನ್ನು ಈ ಊರುಗಳ ವ್ಯಾಪಾರದ ರೀತಿಯಿಂದಲೇ ತಿಳಿಯಬೇಕು. ಮಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದ ಮಾರಾಟಗಾರನು ತಂತ್ರಾಂಶವನ್ನು ಹಾಕಿಕೊಟ್ಟು, ಅಂಗಡಿಯವರಿಗೆ ಇಮೇಲ್ ಇಲ್ಲವೆಂದಾಗ ತನ್ನದನ್ನೋ ಲೆಕ್ಕ ಬರೆಯುವವರದನ್ನೋ ಸೇರಿಸಿ ಹೋಗಿರುತ್ತಾನೆ. ಆ ಗುಮಾಸ್ತರು ಕೆಲಸ ಬಿಟ್ಟು ಗಲ್ಫಿಗೆ ಹೋದಾಗ, ಅಥವಾ ಆ ಡೀಲರಿನ ಅಂಗಡಿ ಮುಚ್ಚಿದಾಗ, ಪರವಾನಗಿಯ ಬೀಗದ ಕೈ ಅವರ ಜೊತೆಗೇ ಹೋಗುತ್ತದೆ. ಭಟ್ಕಳ ಮತ್ತು ಅದಕ್ಕೆ ತಾಗಿಕೊಂಡ ಹೆಬಳೆಯಂಥ ಊರುಗಳಲ್ಲಿ ಇನ್ನೊಂದು ತೊಡಕೂ ಉಂಟು: ಎಷ್ಟೋ ಮನೆಗಳ ಒಬ್ಬಿಬ್ಬರು ದುಬೈ, ಸೌದಿಗಳಲ್ಲಿರುವುದರಿಂದ, ಊರಿನ ಅಂಗಡಿಯ ಲ್ಯಾಪ್‌ಟಾಪು ಅಲ್ಲಿ ಕೊಂಡದ್ದಾಗಿರಬಹುದು, ಅದರ ಬಿಲ್ಲು ಅಲ್ಲಿನ ಕೋಣೆಯಲ್ಲೇ ಉಳಿದಿರಬಹುದು, ಅದರ ಖಾತೆ ಮಗನದೋ ಅಳಿಯನದೋ ಫೋನ್ ನಂಬರಿಗೆ ಜೋಡಿಸಿರಬಹುದು. ಹುಡುಕಾಟವನ್ನು ಅಂಗಡಿಯ ಕಪಾಟಿಗೆ ಮಾತ್ರ ಸೀಮಿತಗೊಳಿಸಿದರೆ ಅರ್ಧ ದಾಖಲೆ ಸಿಗುವುದೇ ಇಲ್ಲ.

ಹವಾಮಾನವನ್ನೂ ಮರೆಯುವಂತಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ, ಉಪ್ಪಿನ ಗಾಳಿ ಬೀಸುವ ಈ ತೀರದಲ್ಲಿ ಕಾಗದ ಬೂಷ್ಟು ಹಿಡಿಯುತ್ತದೆ, ಶಾಖಮುದ್ರಣದ ಬಿಲ್ಲುಗಳ ಅಕ್ಷರ ಮಾಸುತ್ತದೆ, ಸಿಪಿಯು ಡಬ್ಬಕ್ಕೆ ಅಂಟಿಸಿದ ಸ್ಟಿಕ್ಕರು ಉದುರುತ್ತದೆ, ಹಳೆಯ ಡಾಂಗಲಿನ ಲೋಹದ ಮೊಳೆಗಳಿಗೆ ತುಕ್ಕು ಹತ್ತುತ್ತದೆ. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ ಒಂದೇ ದಿನದ ಅವಧಿಯಲ್ಲಿ 533 ಮಿಲಿಮೀಟರ್ ಮಳೆ ಸುರಿದು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಕುಟುಂಬದ ನಾಲ್ವರು ಪ್ರಾಣ ಕಳೆದುಕೊಂಡರು; ಪೇಟೆಯ ಅಂಗಡಿಗಳಿಗೂ ತಗ್ಗಿನ ಮನೆಗಳಿಗೂ ನೀರು ನುಗ್ಗಿತು. ಜೀವಹಾನಿಯ ಮುಂದೆ ಕಾಗದಪತ್ರದ ಮಾತು ಚಿಕ್ಕದು. ಆದರೂ ಅಂಥ ನೆರೆಯ ನಂತರ ಮತ್ತೆ ಅಂಗಡಿ ತೆರೆಯುವವರಿಗೆ, ನೆಲಮಟ್ಟದಲ್ಲಿಟ್ಟ ಯಂತ್ರ ಮತ್ತು ಅದರ ಪಕ್ಕದ ಖಾನೆಯಲ್ಲಿಟ್ಟ ಬಿಲ್ಲು ಎರಡೂ ಒಟ್ಟಿಗೆ ಹೋದಾಗ, ಪುರಾವೆಯ ಒಂದು ಪ್ರತಿಯಾದರೂ ಬೇರೆ ಕಡೆ ಇರಬೇಕಿತ್ತೆಂಬುದು ಬಹಳ ಸ್ಪಷ್ಟವಾಗಿ ತಿಳಿಯುತ್ತದೆ.

ಹಳೆಯ ಲೆಕ್ಕ ಹಳತಾದರೂ ಕಾನೂನಿನ ದೃಷ್ಟಿಯಲ್ಲಿ ಜೀವಂತವಾಗಿಯೇ ಇರುತ್ತದೆ. 2013ರ ಕಂಪನಿಗಳ ಕಾಯ್ದೆಯ 128ನೆಯ ಕಲಮು ಹಿಂದಿನ 8 ಆರ್ಥಿಕ ವರ್ಷಗಳ ಲೆಕ್ಕಪುಸ್ತಕಗಳನ್ನು ಕಾಪಾಡಬೇಕೆಂದು ಹೇಳುತ್ತದೆ. ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಗಡುವಿನಿಂದ 72 ತಿಂಗಳವರೆಗೆ ದಾಖಲೆಗಳು ಇರಬೇಕು, ವ್ಯಾಜ್ಯವಿದ್ದರೆ ಇನ್ನೂ ಹೆಚ್ಚು ಕಾಲ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ನಮೂದಿನ ಪ್ರತಿ ಬದಲಾವಣೆಯೂ ತಾರೀಕಿನ ಸಮೇತ ದಾಖಲಾಗಬೇಕೆಂಬ, ಆ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಲು ಬರಬಾರದೆಂಬ ನಿಯಮವೂ ಜಾರಿಯಲ್ಲಿದೆ. ಈ ಕೊನೆಯ ನಿಯಮ ಕಂಪನಿಗಳಿಗೆ ಮಾತ್ರ ಅನ್ವಯಿಸುವುದಾಗಿದ್ದು ಒಬ್ಬರೇ ಮಾಲೀಕರಿರುವ ಅಂಗಡಿಯನ್ನು ಕಟ್ಟಿಹಾಕುವುದಿಲ್ಲವಾದರೂ, ಅದರ ಪರಿಣಾಮವಾಗಿ ಖಾಸಗಿ ನಿಯಮಿತ ಕಂಪನಿಯಾಗಿ ನೋಂದಾಯಿಸಿಕೊಂಡ ಸಣ್ಣ ಉದ್ಯಮಗಳು ಹಳೆಯ ಆವೃತ್ತಿಯಲ್ಲಿ ಉಳಿಯುವಂತಿಲ್ಲ. ಹೊಸ ಆವೃತ್ತಿಗೆ ಹೋಗುವುದು ಕಡ್ಡಾಯ, ಹಳೆಯದನ್ನು ತೆರೆಯಬಲ್ಲ ಸ್ಥಿತಿಯಲ್ಲಿಡುವುದೂ ಕಡ್ಡಾಯ. ಎರಡಕ್ಕೂ ಪರವಾನಗಿಯ ದಾಖಲೆಯೇ ಆಧಾರ.

ಇಷ್ಟೆಲ್ಲದರ ನಡುವೆ ಗಟ್ಟಿಯಾಗಿ ಹಿಡಿಯಬೇಕಾದ ಸಂಗತಿಯೊಂದಿದೆ. ಕಳೆದುಹೋದ ಪರವಾನಗಿಗೆ ಅತ್ಯಂತ ನಂಬಲರ್ಹ ಸಾಕ್ಷಿ ಹಳೆಯ ಯಂತ್ರವೇ, ಮತ್ತು ಮೇಲ್ದರ್ಜೆಗೇರಿಸುವ ಕೆಲಸವು ಮೊದಲು ನಾಶಮಾಡುವುದೂ ಆ ಸಾಕ್ಷಿಯನ್ನೇ. ರಿಪೇರಿಯವರ ಕೈಗೆ ಯಂತ್ರ ಹೋದೊಡನೆ ಅವರು ಮಾಡುವ ಮೊದಲ ಕೆಲಸ ಫಾರ್ಮ್ಯಾಟ್. ಅದರೊಂದಿಗೆ ಸೀರಿಯಲ್ ನಂಬರು, ನೋಂದಣಿಯ ಹೆಸರು, ಅನುಸ್ಥಾಪನೆಯ ತಾರೀಕು ಎಲ್ಲವೂ ಅಳಿಸಿಹೋಗುತ್ತವೆ. ಆದ್ದರಿಂದ ಹುಡುಕಾಟ ಮೊದಲು, ಖರೀದಿ ಆಮೇಲೆ, ಅಳಿಸುವಿಕೆ ಎಲ್ಲಕ್ಕಿಂತ ಕೊನೆಗೆ ಎಂಬ ಅನುಕ್ರಮ ತಪ್ಪಬಾರದು. ಸಾಧ್ಯವಿದ್ದರೆ ಹಳೆಯ ಹಾರ್ಡ್ ಡಿಸ್ಕಿನ ಸಂಪೂರ್ಣ ಪ್ರತಿಬಿಂಬವನ್ನು, ಅಂದರೆ ಕಡತಗಳನ್ನಷ್ಟೇ ಅಲ್ಲದೆ ಡಿಸ್ಕಿನ ಪ್ರತಿ ಭಾಗವನ್ನೂ ಯಥಾವತ್ತಾಗಿ ನಕಲಿಸಿದ ಒಂದು ದೊಡ್ಡ ಕಡತವನ್ನು, ಇನ್ನೊಂದು ಡಿಸ್ಕಿನಲ್ಲಿ ಇಟ್ಟುಕೊಂಡರೆ, ಮುಂದೆ ಯಾವುದೇ ಹೆಜ್ಜೆ ತಪ್ಪಿದರೂ ಹಿಂದಿರುಗಿ ನೋಡಲು ಅವಕಾಶ ಉಳಿಯುತ್ತದೆ.

ಹಳೆಯ ಯಂತ್ರ ಇನ್ನೂ ಓಡುತ್ತಿದ್ದರೆ ಅದು ತಾನಾಗಿಯೇ ಬಹಳಷ್ಟನ್ನು ಹೇಳುತ್ತದೆ. ಟ್ಯಾಲಿ ಇಆರ್‌ಪಿ 9ರ ಪರದೆಯ ಕೆಳಭಾಗದಲ್ಲಿ ಸೀರಿಯಲ್ ನಂಬರು, ಪರವಾನಗಿಯ ಬಗೆ ಮತ್ತು ಖಾತೆಯ ಇಮೇಲ್ ಕಾಣುತ್ತವೆ. ಪ್ರೈಮ್ ಆವೃತ್ತಿಯಲ್ಲಿ ಸಹಾಯದ ಎಫ್1 ಕೀ ಒತ್ತಿ ತಂತ್ರಾಂಶದ ಪರಿಚಯವಿರುವ ಪುಟಕ್ಕೆ ಹೋದರೆ ಅದೇ ವಿವರ ಸಿಗುತ್ತದೆ. ಆ ಪರದೆಯ ಒಂದು ಫೋಟೋ ಎಷ್ಟೋ ದಿನಗಳ ಓಡಾಟವನ್ನು ಉಳಿಸುತ್ತದೆ. ವಿಂಡೋಸಿನ ವಿಷಯದಲ್ಲಿ ಕಾಲಕ್ಕೆ ತಕ್ಕಂತೆ ಜಾಗ ಬೇರೆ: ಎಕ್ಸ್‌ಪಿ ಮತ್ತು 7ರ ಕಾಲದ ಯಂತ್ರಗಳಲ್ಲಿ ಐದೈದು ಅಕ್ಷರಗಳ ಐದು ಗುಂಪುಗಳಿರುವ ಕೀ ಡಬ್ಬದ ಪಕ್ಕದ ಸ್ಟಿಕ್ಕರಿನಲ್ಲಿದ್ದರೆ, ವಿಂಡೋಸ್ 8ರಿಂದ ಮುಂದೆ ತಯಾರಕರು ಅದನ್ನು ಮದರ್‌ಬೋರ್ಡಿನ ಒಳಗಿನ ಸ್ಮೃತಿಯಲ್ಲೇ ಬರೆದಿಡತೊಡಗಿದರು, ಆದ್ದರಿಂದ ಸ್ಟಿಕ್ಕರಿಲ್ಲದಿದ್ದರೂ ಸೂಕ್ತ ಆದೇಶ ಕೊಟ್ಟು ಓದಿಸಬಹುದು. ಹಳೆಯ ವಿಂಡೋಸಿನಿಂದ ಉಚಿತವಾಗಿ 10ಕ್ಕೆ ಏರಿದವರ ಬಳಿ ಪ್ರತ್ಯೇಕ ಕೀ ಇರುವುದೇ ಇಲ್ಲ. ಅವರ ಹಕ್ಕು ಆ ಯಂತ್ರದ ಗುರುತಿಗೆ ಕಟ್ಟಿದ ಡಿಜಿಟಲ್ ಪರವಾನಗಿಯಾಗಿ ಮೈಕ್ರೋಸಾಫ್ಟಿನ ಬಳಿ ಇರುತ್ತದೆ. ಆಫೀಸ್ ತಂತ್ರಾಂಶದ 2013 ಮತ್ತು ಆಮೇಲಿನ ಆವೃತ್ತಿಗಳಲ್ಲಿ ಯಂತ್ರದೊಳಗೆ ಕೀಯ ಕೊನೆಯ ಐದು ಅಕ್ಷರಗಳು ಮಾತ್ರ ಉಳಿಯುತ್ತವೆ. ಅಷ್ಟರಿಂದ ಪೂರ್ಣ ಕೀ ಮರಳಿ ಬರದಿದ್ದರೂ, ಕಪಾಟಿನಲ್ಲಿ ಸಿಕ್ಕ ನಾಲ್ಕು ಕಾರ್ಡುಗಳಲ್ಲಿ ಈ ಯಂತ್ರದ್ದು ಯಾವುದೆಂದು ಗುರುತಿಸಲು ಆ ಐದು ಅಕ್ಷರ ಸಾಕು.

ಇಲ್ಲಿಯೇ ಇನ್ನೊಂದು ಭೇದವನ್ನು ತಿಳಿದಿರಬೇಕು. ಯಂತ್ರದ ಜೊತೆಗೇ ತಯಾರಕರು ಹಾಕಿಕೊಟ್ಟ ಪರವಾನಗಿ, ಅಂದರೆ ವ್ಯಾಪಾರದ ಮಾತಿನಲ್ಲಿ ಒಇಎಂ, ಆ ಯಂತ್ರದೊಂದಿಗೇ ಮುಗಿಯುತ್ತದೆ. ಅದನ್ನು ಎಷ್ಟು ಶ್ರಮಪಟ್ಟು ಹುಡುಕಿದರೂ ಹೊಸ ಯಂತ್ರಕ್ಕೆ ಒಯ್ಯಲು ಬರುವುದಿಲ್ಲ. ಬಿಡಿಯಾಗಿ ಪೆಟ್ಟಿಗೆಯಲ್ಲಿ ಕೊಂಡ ಪರವಾನಗಿಯನ್ನು ಸಾಮಾನ್ಯವಾಗಿ ಒಯ್ಯಬಹುದು. ಯಾವುದನ್ನು ಹುಡುಕಬೇಕು, ಯಾವುದನ್ನು ಕೈಬಿಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡರೆ ಶ್ರಮ ವ್ಯರ್ಥವಾಗುವುದಿಲ್ಲ.

ಯಂತ್ರ ಮಾತಾಡದ ಸ್ಥಿತಿಯಲ್ಲಿದ್ದರೆ ಕಾಗದದ ಜಾಡು ಹಿಡಿಯಬೇಕು, ಮತ್ತು ಈ ಜಾಡು ಜನ ಎಣಿಸಿರುವುದಕ್ಕಿಂತ ಉದ್ದವಾಗಿ ಉಳಿದಿರುತ್ತದೆ. ಜಿಎಸ್‌ಟಿ ನೋಂದಣಿಯುಳ್ಳ ವರ್ತಕರು ನೋಂದಾಯಿತ ಡೀಲರಿನಿಂದ ತಂತ್ರಾಂಶ ಕೊಂಡಿದ್ದರೆ, ಆ ಡೀಲರು ತನ್ನ ರಿಟರ್ನಿನಲ್ಲಿ ತೋರಿಸಿದ ಬಿಲ್ಲು ಕೊಂಡವರ ಖಾತೆಯ 2ಎ ಪಟ್ಟಿಯಲ್ಲಿ, 2020ರಿಂದ ಈಚೆಗೆ 2ಬಿ ಪಟ್ಟಿಯಲ್ಲೂ, ಕಾಣಿಸಿಕೊಳ್ಳುತ್ತದೆ. ಅದರಲ್ಲಿ ವಸ್ತುವಿನ ಹೆಸರಿರುವುದಿಲ್ಲ. ಮಾರಿದವರ ಜಿಎಸ್‌ಟಿ ಸಂಖ್ಯೆ, ಬಿಲ್ಲಿನ ಸಂಖ್ಯೆ, ತಾರೀಕು ಮತ್ತು ಮೊತ್ತ ಇರುತ್ತವೆ. ಇಷ್ಟು ಹಿಡಿದು ಡೀಲರಿನ ಬಳಿ ಹೋದರೆ ಬಿಲ್ಲಿನ ನಕಲನ್ನೂ ಅದರಲ್ಲಿ ಬರೆದಿರಬಹುದಾದ ಸೀರಿಯಲ್ ನಂಬರನ್ನೂ ಕೇಳಿ ಪಡೆಯಬಹುದು. ತೆರಿಗೆಗೆಂದು ಕಟ್ಟಿದ ವ್ಯವಸ್ಥೆ ಹೀಗೆ ಕಳೆದ ಬಿಲ್ಲಿನ ಇನ್ನೊಂದು ಸಾಕ್ಷಿಯಾಗಿ ನಿಲ್ಲುವುದನ್ನು ಹೆಚ್ಚಿನವರು ಗಮನಿಸಿಯೇ ಇಲ್ಲ. ಆದರೆ ಪೋರ್ಟಲಿನಲ್ಲಿ ರಿಟರ್ನುಗಳನ್ನು ನೋಡುವ ಅವಕಾಶವನ್ನು 7 ವರ್ಷಕ್ಕೆ ಮಿತಿಗೊಳಿಸುವ ನೀತಿಯನ್ನು ಜಿಎಸ್‌ಟಿ ಜಾಲ 2024ರಲ್ಲಿ ನೆನಪಿಸಿರುವುದರಿಂದ, 2017-18ರ ಸಂಭ್ರಮದಲ್ಲಿ ತಂತ್ರಾಂಶ ಕೊಂಡವರು ಈ ಬಾಗಿಲನ್ನು ಇನ್ನೂ ತೆರೆದಿರುತ್ತದೆಂದು ನಂಬಿ ಕೂರುವಂತಿಲ್ಲ. ಬ್ಯಾಂಕಿನ ಪಾಸ್‌ಬುಕ್ಕು, ಲೆಕ್ಕಪರಿಶೋಧಕರ ಕಚೇರಿಯಲ್ಲಿರುವ ವರ್ಷಾಂತ್ಯದ ಕಡತ, ಆಸ್ತಿಪಟ್ಟಿಯಲ್ಲಿ ಕಂಪ್ಯೂಟರ್ ಮತ್ತು ತಂತ್ರಾಂಶಕ್ಕೆ ಬರೆದ ಸವಕಳಿಯ ಸಾಲು ಇವೂ ಖರೀದಿಯ ವರ್ಷವನ್ನು ಗುರುತಿಸಿ ಕೊಡುತ್ತವೆ, ಮತ್ತು ವರ್ಷ ಗೊತ್ತಾದರೆ ಹುಡುಕಬೇಕಾದ ಕಂತೆ ಚಿಕ್ಕದಾಗುತ್ತದೆ.

ಮಾಲೀಕರು ತೀರಿಕೊಂಡು ಮಕ್ಕಳು ವ್ಯಾಪಾರ ನಡೆಸುತ್ತಿರುವಲ್ಲಿ, ಪಾಲುದಾರಿಕೆ ಒಡೆದು ಇಬ್ಬರಾದಲ್ಲಿ, ಪರವಾನಗಿ ಇನ್ನೂ ಹಿಂದಿನ ಹೆಸರಿನಲ್ಲೇ ಇರುತ್ತದೆ. ಅಂಗಡಿಯ ಜಾಗ, ವಿದ್ಯುತ್ ಮೀಟರು, ಬ್ಯಾಂಕ್ ಖಾತೆಗಳ ಹೆಸರನ್ನು ಬದಲಿಸಿಕೊಳ್ಳುವಾಗ ತಂತ್ರಾಂಶದ ಹೆಸರನ್ನು ಬದಲಿಸಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ. ಹಳೆಯ ಇಮೇಲ್ ಇನ್ನೂ ತೆರೆಯುತ್ತಿರುವಾಗಲೇ ಈ ಬದಲಾವಣೆಯನ್ನು ಕೇಳಿಕೊಳ್ಳುವುದು ಸುಲಭ; ಅದು ಮುಚ್ಚಿದ ಮೇಲೆ ಮರಣ ಪ್ರಮಾಣಪತ್ರ, ವಾರಸಾ ದಾಖಲೆ, ಪಾಲುದಾರಿಕೆಯ ಪತ್ರಗಳನ್ನು ಒದಗಿಸಿ ಕಾಯಬೇಕಾಗುತ್ತದೆ.

ಸಹಕಾರ ಸಂಘಗಳ ಸ್ಥಿತಿ ಖಾಸಗಿ ಅಂಗಡಿಗಳಿಗಿಂತ ಗಂಭೀರ, ಏಕೆಂದರೆ ಅಲ್ಲಿ ಇರುವುದು ಊರಿನವರ ಠೇವಣಿ ಮತ್ತು ಬೆಳೆಸಾಲದ ಲೆಕ್ಕ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಆರಂಭವಾದ ಚಳವಳಿ ಬೇರೂರಿದ ನಾಡಿನಲ್ಲಿ, ಉತ್ತರ ಕನ್ನಡದ ಪ್ರಾಥಮಿಕ ಸಂಘಗಳು ಶಿರಸಿಯಲ್ಲಿ ಕೇಂದ್ರ ಕಚೇರಿಯಿರುವ ಕೆನರಾ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನೊಂದಿಗೆ ಕೂಡಿ ರೈತರ ವ್ಯವಹಾರ ನಡೆಸುತ್ತ ಬಂದಿವೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ರಾಷ್ಟ್ರೀಯ ತಂತ್ರಾಂಶದಡಿ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು, ನಬಾರ್ಡ್ ಅದರ ಅನುಷ್ಠಾನದ ಹೊಣೆ ಹೊತ್ತಿತು. ಹೊಸ ತಂತ್ರಾಂಶದ ಪರವಾನಗಿಯ ಚಿಂತೆ ಇದರಿಂದ ಸಂಘದ ತಲೆಯಿಂದ ಇಳಿಯುತ್ತದೆ ಎಂಬುದು ನಿಜ. ಆದರೆ ಸದಸ್ಯರ ಹಿಂದಿನ ಸಾಲ, ಬಡ್ಡಿ, ಷೇರು ಹಣದ ಚರಿತ್ರೆಯೆಲ್ಲ ಸಂಘ ಹಿಂದೆ ಬೇರೆ ಮಾರಾಟಗಾರರಿಂದ ಕೊಂಡ ತಂತ್ರಾಂಶದೊಳಗೆ ಇರುತ್ತದೆ. ವಾರ್ಷಿಕ ನಿರ್ವಹಣೆಯ ಶುಲ್ಕ ನಿಂತ ದಿನ ತಾನಾಗಿ ಮುಚ್ಚಿಕೊಳ್ಳುವಂತೆ ಅಂಥ ತಂತ್ರಾಂಶವನ್ನು ಹೆಣೆದಿದ್ದರೆ, ಹೊಸದಕ್ಕೆ ಹೋದ ಖುಷಿಯಲ್ಲಿ ಶುಲ್ಕ ನಿಲ್ಲಿಸಿದ ಸಂಘಕ್ಕೆ ಹಳೆಯ ಲೆಕ್ಕದ ಬಾಗಿಲೇ ಮುಚ್ಚುತ್ತದೆ. ಸಾಲಗಾರನೊಬ್ಬ ಹಿಂದಿನ ಕಂತನ್ನು ಕಟ್ಟಿದ್ದೇನೆಂದು ರಸೀದಿ ಹಿಡಿದು ಬಂದಾಗ ಉತ್ತರ ಕೊಡಬೇಕಾದ್ದು ಆ ಹಳೆಯ ಲೆಕ್ಕವೇ. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸೂಚಿಸಿರುವ ಒಂದು ಕ್ರಮ, ಅಂದರೆ ಮಾರಾಟಗಾರ ಮುಳುಗಿದರೂ ಕೈಗೆ ಸಿಗುವಂತೆ ತಂತ್ರಾಂಶದ ಮೂಲ ಸಂಕೇತವನ್ನು ಮೂರನೆಯವರ ಬಳಿ ಠೇವಣಿ ಇಡಿಸುವುದು, ಸಣ್ಣ ಸಂಘಗಳ ಒಪ್ಪಂದಗಳಲ್ಲೂ ಬರುವುದು ಅಗತ್ಯ. ಅದು ಆಗದಿದ್ದಲ್ಲಿ, ಕನಿಷ್ಠ ಪ್ರತಿ ಸದಸ್ಯನ ಖಾತೆಯನ್ನೂ ಯಾವ ತಂತ್ರಾಂಶದ ಹಂಗೂ ಇಲ್ಲದೆ ತೆರೆಯುವ ಸರಳ ಪಟ್ಟಿಯ ರೂಪದಲ್ಲಿ ಹೊರತೆಗೆದು, ಸಂಘದ ಮುದ್ರೆಯೊಂದಿಗೆ ಮುದ್ರಿತ ಪ್ರತಿಯನ್ನೂ ಇಟ್ಟುಕೊಳ್ಳದೆ ಹಳೆಯ ಒಪ್ಪಂದವನ್ನು ಮುಗಿಸಲೇಬಾರದು.

ಕನ್ನಡದ ಮುದ್ರಣಾಲಯಗಳ ಕಥೆ ಇನ್ನೂ ಒಂದು ಪದರ ಹೆಚ್ಚು ಜಟಿಲ. ಮದುವೆಯ ಕರೆಯೋಲೆ, ದೇವಸ್ಥಾನದ ಸ್ಮರಣ ಸಂಚಿಕೆ, ಯಕ್ಷಗಾನದ ಕರಪತ್ರ ಮತ್ತು ಪ್ರಸಂಗ ಪುಸ್ತಕಗಳನ್ನು ಎರಡು ದಶಕಗಳ ಕಾಲ ಪುಟವಿನ್ಯಾಸ ಮಾಡಿದ್ದು ಪೇಜ್‌ಮೇಕರಿನಲ್ಲಿ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ, ಆಮೇಲೆ ಅಡೋಬಿ ಸಂಸ್ಥೆ ಅದನ್ನು ಬೆಳೆಸಲಿಲ್ಲ. ಅಕ್ಷರಗಳಿಗೆ ಪುಣೆಯ ಮಾಡ್ಯುಲರ್ ಸಂಸ್ಥೆಯ ಶ್ರೀಲಿಪಿ, ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಬರಹ ಇವು ಬಳಕೆಯಲ್ಲಿದ್ದವು. ಇವುಗಳಲ್ಲಿ ನುಡಿ ಉಚಿತ, ಬರಹ ಮೊದಲು ಉಚಿತವಾಗಿದ್ದು ಆಮೇಲೆ ಕೀ ಕೇಳುವಂತಾಯಿತು, ಶ್ರೀಲಿಪಿಗೆ ಲಾಕ್ ಎಂದು ಪ್ರೆಸ್ಸಿನವರು ಕರೆಯುವ ಡಾಂಗಲ್ ಬೇಕಿತ್ತು. ಯೂನಿಕೋಡಿಗಿಂತ ಹಿಂದಿನ ಈ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷಿನ ಸಂಕೇತಗಳ ಜಾಗದಲ್ಲಿ ಕುಳಿತಿರುವುದರಿಂದ, ಸರಿಯಾದ ಫಾಂಟಿಲ್ಲದೆ ತೆರೆದ ಪುಟದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಲಾಕ್ ಕೆಟ್ಟರೆ ಅಥವಾ ಅದನ್ನು ಸಿಕ್ಕಿಸುವ ಹಳೆಯ ಪೋರ್ಟ್ ಹೊಸ ಯಂತ್ರದಲ್ಲಿ ಇಲ್ಲದಿದ್ದರೆ, ಕಳೆದುಕೊಳ್ಳುವುದು ಒಂದು ತಂತ್ರಾಂಶವನ್ನಷ್ಟೇ ಅಲ್ಲ, ಒಂದು ಊರಿನ ಮುದ್ರಿತ ನೆನಪಿನ ಮೂಲಪ್ರತಿಗಳನ್ನು. ಪರವಾನಗಿ ಜೀವಂತವಾಗಿರುವಾಗಲೇ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ, ಪುಟಗಳನ್ನು ಪಿಡಿಎಫ್ ಆಗಿ ಉಳಿಸಿಕೊಳ್ಳುವುದು ತುರ್ತಿನ ಕೆಲಸ. ಅದನ್ನು ಗ್ರಂಥಾಲಯಗಳೂ ಕನ್ನಡದ ಸಂಸ್ಥೆಗಳೂ ತಮ್ಮದೆಂದು ತಿಳಿದು ಮುದ್ರಕರಿಗೆ ಹೆಗಲು ಕೊಡಬೇಕು.

ತಯಾರಕರೇ ಬಾಗಿಲು ಮುಚ್ಚುವ ಸಂದರ್ಭವೂ ಉಂಟು. ಅಡೋಬಿ ತನ್ನ ಸಿಎಸ್2 ಸರಣಿಯ ತಂತ್ರಾಂಶಗಳನ್ನು ಜಾರಿಗೊಳಿಸುತ್ತಿದ್ದ ಸರ್ವರುಗಳನ್ನು ನಿಲ್ಲಿಸಿದಾಗ, ಕೊಂಡಿದ್ದವರಿಗಾಗಿ ಸರ್ವರಿನ ಅನುಮತಿ ಬೇಡದ ಪ್ರತಿಯನ್ನು 2013ರ ಹೊತ್ತಿಗೆ ಒದಗಿಸಬೇಕಾಯಿತು. ಪ್ರತಿ ಸಂಸ್ಥೆಯೂ ಇಷ್ಟು ಸೌಜನ್ಯ ತೋರಬೇಕೆಂದಿಲ್ಲ, ತೋರಿದರೂ ತಾನು ಕೊಂಡವನೆಂದು ಹೇಳಿಕೊಳ್ಳಲು ಬಿಲ್ಲು ಬೇಕು. ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳು ಕೇರಳ ಸರ್ಕಾರದ ಶಾಲಾ ಯೋಜನೆಯ ಭಾಗವಾಗಿ ಗ್ನೂ ಲಿನಕ್ಸ್ ಬಳಸುತ್ತಿರುವುದರಿಂದ ಕಾರ್ಯಾಚರಣ ವ್ಯವಸ್ಥೆಯ ಕೀ ಕಳೆದುಹೋಗುವ ಭಯ ಅಲ್ಲಿಲ್ಲ. ಲೆಕ್ಕಕ್ಕೂ ಗ್ನೂಖಾತಾದಂಥ ಮುಕ್ತ ತಂತ್ರಾಂಶ ಭಾರತದಲ್ಲೇ ತಯಾರಾಗಿದೆ. ಊರಿನ ಲೆಕ್ಕಪರಿಶೋಧಕರು ಕೇಳುವುದು ಟ್ಯಾಲಿಯ ಡೇಟಾವನ್ನೇ ಆದ್ದರಿಂದ ಸಣ್ಣ ವರ್ತಕರು ಆ ದಾರಿ ಹಿಡಿಯುವುದು ಸದ್ಯಕ್ಕೆ ಕಷ್ಟವೆಂಬುದನ್ನು ಒಪ್ಪಬೇಕು.

ಸಿಕ್ಕಿದ್ದನ್ನೆಲ್ಲ ಬರೆದಿಡಲು ದೊಡ್ಡ ಸಂಸ್ಥೆಗಳ ಪದ್ಧತಿ ಬೇಕಿಲ್ಲ. ತಂತ್ರಾಂಶ ಆಸ್ತಿಯ ನಿರ್ವಹಣೆಗೆ 2006ರಿಂದ ಐಎಸ್‌ಒ 19770 ಎಂಬ ಅಂತರರಾಷ್ಟ್ರೀಯ ಮಾನದಂಡವಿದ್ದರೂ, ಅಂಗಡಿಗೆ ಒಂದು ರಿಜಿಸ್ಟರು ಸಾಕು. ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಸೀರಿಯಲ್ ನಂಬರು, ನೋಂದಣಿಯ ಹೆಸರು, ಇಮೇಲ್ ಮತ್ತು ಅದಕ್ಕೆ ಜೋಡಿಸಿದ ಫೋನು, ಬಿಲ್ಲಿನ ಸಂಖ್ಯೆ, ಎಷ್ಟು ಯಂತ್ರಗಳಿಗೆ ಅನುಮತಿ, ಈಗ ಯಾವ ಯಂತ್ರದಲ್ಲಿದೆ, ನವೀಕರಣದ ತಾರೀಕು ಇಷ್ಟನ್ನು ಅದರಲ್ಲಿ ನಮೂದಿಸಿ, ಒಂದು ಪ್ರತಿಯನ್ನು ಮನೆಯಲ್ಲಿ, ಇನ್ನೊಂದನ್ನು ಲೆಕ್ಕಪರಿಶೋಧಕರ ಬಳಿ ಇಡಬೇಕು. ಪಾಸ್‌ವರ್ಡನ್ನು ಮಾತ್ರ ಅದೇ ಪುಟದಲ್ಲಿ ಬರೆಯಬಾರದು. ನೋಂದಣಿಯ ಇಮೇಲ್ ವ್ಯಕ್ತಿಯ ಹೆಸರಿನದಾಗದೆ ಅಂಗಡಿಯ ಹೆಸರಿನದಾಗಿದ್ದರೆ ಗುಮಾಸ್ತರು ಬದಲಾದರೂ ಅದು ಉಳಿಯುತ್ತದೆ.

ಕಾಲದ ಆಯ್ಕೆಯೂ ಮುಖ್ಯ. ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿದು ಜೂನಿನ ಮಳೆ ಹಿಡಿಯುವವರೆಗಿನ ಏಪ್ರಿಲ್, ಮೇ ತಿಂಗಳುಗಳು ಹುಡುಕಾಟಕ್ಕೆ ಅತ್ಯಂತ ಅನುಕೂಲ. ಹಳೆಯ ಯಂತ್ರವನ್ನು ದಿನಗಟ್ಟಲೆ ಓಡಿಸಿ ಪರದೆಗಳ ಫೋಟೋ ತೆಗೆಯಲು, ಡಿಸ್ಕಿನ ಪ್ರತಿಬಿಂಬ ಮಾಡಲು ಸ್ಥಿರವಾದ ವಿದ್ಯುತ್ ಬೇಕು, ಮಳೆಗಾಲದ ಕರಾವಳಿಯಲ್ಲಿ ಅದು ಖಚಿತವಲ್ಲ. ಹೆಬಳೆಯ ತೆಂಗಿನಗುಂಡಿ ಬಂದರನ್ನು ನಂಬಿದ ಮೀನಿನ ವ್ಯಾಪಾರಿಗಳಿಗೆ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ ಬಿಡುವಿನಲ್ಲಿ ಹೊಸ ಯಂತ್ರದ ಮೇಲೆ ಲೆಕ್ಕವನ್ನು ಕೂರಿಸಿ, ಹಳೆಯದರ ಬಾಕಿಗಳೊಂದಿಗೆ ಸಾಲುಸಾಲಾಗಿ ತಾಳೆನೋಡಲು ಸಮಯ ಸಿಗುತ್ತದೆ. ಆಗಸ್ಟಿನಲ್ಲಿ ದೋಣಿಗಳು ಮತ್ತೆ ಕಡಲಿಗೆ ಇಳಿದು ಬಿಲ್ಲುಗಳು ಹೊಸದರಲ್ಲಿ ಬೀಳತೊಡಗಿದ ಮೇಲೂ, ಆ ವರ್ಷದ ಲೆಕ್ಕಪರಿಶೋಧನೆ ಮುಗಿಯುವವರೆಗೆ ಹಳೆಯ ಡಿಸ್ಕನ್ನು ಅಳಿಸದೆ, ತೇವ ತಾಗದ ಡಬ್ಬಿಯಲ್ಲಿ ಎತ್ತರದ ಕಪಾಟಿನಲ್ಲಿ ಇಟ್ಟಿರಬೇಕು.